ಪೆಟ್ಟು ತಿಂದ ಮಗು ಮತ್ತು ಬಾಲ ನ್ಯಾಯ

ಪಾಠ ಮಾಡುತ್ತಿರುವ ಶಿಕ್ಷಕರು ಕಪ್ಪುಹಲಗೆಯ ಮೇಲಿನ ಸಾಲೊಂದನ್ನು ತೋರಿಸಲು ಥಟ್ಟನೆ ಕೈ ಎತ್ತುತ್ತಾರೆ. ಮುಂದಿನ ಬೆಂಚಿನಲ್ಲಿ ಕುಳಿತ ಹುಡುಗನೊಬ್ಬ ತಲೆ ತಗ್ಗಿಸಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಳ್ಳುತ್ತಾನೆ. ಉಳಿದ ಮಕ್ಕಳು ನಗುತ್ತಾರೆ. ಕೆಲವು ವರ್ಷ ಪಾಠ ಮಾಡಿದ ಯಾರಿಗೂ ಈ ದೃಶ್ಯ ಹೊಸದಲ್ಲ. ಅವನನ್ನು ಯಾರೂ ಹೊಡೆಯಲು ಹೋಗಿರಲಿಲ್ಲ. ಆದರೂ ಅವನು ಯೋಚಿಸುವ ಮೊದಲೇ ಅವನ ಮಿದುಳು ಲೆಕ್ಕ ಹಾಕಿ ಮುಗಿಸಿತ್ತು: ಎತ್ತಿದ ಕೈ ಎಂದರೆ ಪೆಟ್ಟು.

ಈ ಲೆಕ್ಕವನ್ನು ಪ್ರಯೋಗಶಾಲೆಯಲ್ಲಿ ಅಳೆದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಸೆತ್ ಪೊಲಾಕ್. 2002ರಲ್ಲಿ ಪ್ರಕಟವಾದ ಅವರ ಪ್ರಯೋಗದ ವಿಧಾನ ಸರಳವಾಗಿತ್ತು. ಕಂಪ್ಯೂಟರ್ ಪರದೆಯ ಮೇಲೆ ಮುಖವೊಂದರ ಚಿತ್ರ ಮೊದಲು ಬರೀ ಚುಕ್ಕೆಗಳಂತೆ ಮಸುಕಾಗಿ ಕಾಣಿಸುತ್ತದೆ. ನಂತರ ಹಂತಹಂತವಾಗಿ ಸ್ಪಷ್ಟವಾಗುತ್ತದೆ. ಈ ಮುಖದಲ್ಲಿರುವ ಭಾವ ಯಾವುದೆಂದು ಮಗು ಹೇಳಬೇಕು. ಮನೆಯಲ್ಲಿ ಹೊಡೆತ ತಿಂದು ಬೆಳೆದ ಮಕ್ಕಳು ಕೋಪದ ಮುಖವನ್ನು ಇತರ ಮಕ್ಕಳಿಗಿಂತ ಬೇಗ, ಚಿತ್ರ ಇನ್ನೂ ಮಸುಕಾಗಿರುವಾಗಲೇ ಗುರುತಿಸಿದರು. ಸಂತೋಷದ ಮುಖಗಳನ್ನು ಗುರುತಿಸುವಾಗ ಅವರಿಗೆ ಇಂಥ ಚುರುಕು ಇರಲಿಲ್ಲ.

ಅಪ್ಪ ಕುಡಿದು ಬರುವ ಮನೆಯಲ್ಲಿ ಇದೊಂದು ಉಪಯುಕ್ತ ವಿದ್ಯೆಯೇ ಸರಿ. ಹುಬ್ಬು ಗಂಟಾಗುವುದನ್ನು ಅರ್ಧ ಸೆಕೆಂಡು ಮೊದಲೇ ಕಂಡವನು ಹಿತ್ತಿಲಿಗೆ ಓಡಿ ತಪ್ಪಿಸಿಕೊಳ್ಳಬಹುದು. ಆದರೆ ಅದೇ ಕಣ್ಣುಗಳನ್ನು ಹೊತ್ತು ಆ ಹುಡುಗ ಆಟದ ಮೈದಾನಕ್ಕೆ ಬರುತ್ತಾನೆ. ಅಲ್ಲಿ ಯಾರೋ ಅಕಸ್ಮಾತ್ತಾಗಿ ಭುಜ ತಾಕಿಸಿದರೆ ಅವನಿಗೆ ಅದು ಬೇಕೆಂದೇ ಮಾಡಿದ ತಂಟೆಯಾಗಿ ಕಾಣುತ್ತದೆ. ಕೆನೆತ್ ಡಾಡ್ಜ್ ಮತ್ತು ಸಂಗಡಿಗರು 309 ಪುಟ್ಟ ಮಕ್ಕಳನ್ನು ಗಮನಿಸಿ 1990ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದೇ ಮಾತನ್ನು ಹೇಳಿದ್ದರು. ಮನೆಯಲ್ಲಿ ಪೆಟ್ಟು ತಿಂದ ಮಕ್ಕಳು ಶಿಶುವಿಹಾರದಲ್ಲಿ ಹೆಚ್ಚು ಜಗಳಗಂಟರಾಗಿದ್ದರು. ಇತರರ ನಡತೆಯಲ್ಲಿ ಇಲ್ಲದ ಹಗೆಯನ್ನು ಕಾಣುವುದು ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು.

ಹತ್ತು ವರ್ಷದ ನಂತರ ಇದೇ ಹುಡುಗ ಯಾರನ್ನೋ ಇರಿದು ಬಾಲ ನ್ಯಾಯ ಮಂಡಳಿಯ ಮುಂದೆ ನಿಂತಿದ್ದಾನೆ ಎಂದುಕೊಳ್ಳೋಣ. ಅವನ ತಲೆಯೊಳಗೆ ಆದದ್ದೇನು ಎಂಬುದು ವಿಜ್ಞಾನದ ಪ್ರಶ್ನೆ. ಅವನನ್ನು ಏನು ಮಾಡಬೇಕು ಎಂಬುದು ಕಾನೂನಿನ ಪ್ರಶ್ನೆ. ನಮ್ಮ ದೇಶದ 2015ರ ಕಾಯಿದೆ ಈ ಎರಡು ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದೆ. ಆ ಗಂಟು ಎಷ್ಟು ಭದ್ರ ಎಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಎಣಿಕೆ ಹೇಳುವುದೇನು?

ಭಾರತದಲ್ಲಿ ಎಷ್ಟು ಮಕ್ಕಳು ದೌರ್ಜನ್ಯಕ್ಕೆ ಒಳಗಾಗುತ್ತಾರೆ ಎಂಬುದರ ದೊಡ್ಡ ಸಮೀಕ್ಷೆಯನ್ನು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಯನ್ನು ಅನುಭವಿಸಿದ್ದರು. ಶೇಕಡಾ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರು. ಶಾಲೆಗೆ ಹೋಗುವ ಮಕ್ಕಳಲ್ಲಿ ಮೂವರಿಗೆ ಇಬ್ಬರಂತೆ ಶಾಲೆಯಲ್ಲೇ ಪೆಟ್ಟು ತಿಂದಿದ್ದರು. ಮನೆಯ ಮಕ್ಕಳ ಜೊತೆಗೆ ಬೀದಿಯ ಮಕ್ಕಳು, ದುಡಿಯುವ ಮಕ್ಕಳು, ಸಂಸ್ಥೆಗಳಲ್ಲಿರುವ ಮಕ್ಕಳನ್ನೂ ಬೇರೆ ಬೇರೆ ಗುಂಪುಗಳಾಗಿ ಆರಿಸಿಕೊಂಡಿದ್ದರಿಂದ ಈ ಶೇಕಡಾವಾರನ್ನು ಇಡೀ ದೇಶಕ್ಕೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆದರೂ ಪೆಟ್ಟು ಅಪರೂಪದ ಅನುಭವವೇನಲ್ಲ ಎಂಬುದಂತೂ ಸ್ಪಷ್ಟ.

ಇಷ್ಟೊಂದು ಮಕ್ಕಳು ಪೆಟ್ಟು ತಿಂದರೂ ಅಪರಾಧಕ್ಕೆ ಇಳಿಯುವವರು ಕೆಲವರು ಮಾತ್ರ. ಹಾಗಾದರೆ ಎರಡಕ್ಕೂ ಸಂಬಂಧವಿದೆಯೇ? ಈ ಪ್ರಶ್ನೆಗೆ ಕಟ್ಟುನಿಟ್ಟಾದ ಉತ್ತರ ಕೊಟ್ಟವರು ಕ್ಯಾಥಿ ವಿಡಮ್. ಅವರಿಗಿಂತ ಹಿಂದಿನ ಅನೇಕ ಅಧ್ಯಯನಗಳು ಜೈಲಿನಲ್ಲಿರುವವರನ್ನು 'ನಿನಗೆ ಚಿಕ್ಕಂದಿನಲ್ಲಿ ಹೊಡೆಯುತ್ತಿದ್ದರೇ?' ಎಂದು ಕೇಳುತ್ತಿದ್ದವು. ಈ ವಿಧಾನದಲ್ಲಿರುವ ದೋಷವನ್ನು ವಿಜ್ಞಾನದ ವಿದ್ಯಾರ್ಥಿಗಳು ಸುಲಭವಾಗಿ ಹಿಡಿಯಬಲ್ಲರು. ನೆನಪು ನಂಬಲರ್ಹವಲ್ಲ. ಪೆಟ್ಟು ತಿಂದೂ ಜೈಲಿಗೆ ಹೋಗದವರು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ವಿಡಮ್ ದಿಕ್ಕನ್ನು ತಿರುಗಿಸಿದರು. ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಪ್ರದೇಶದಲ್ಲಿ 1967ರಿಂದ 1971ರವರೆಗೆ ನ್ಯಾಯಾಲಯದಲ್ಲಿ ದೌರ್ಜನ್ಯ ಅಥವಾ ನಿರ್ಲಕ್ಷ್ಯ ರುಜುವಾತಾದ 908 ಮಕ್ಕಳ ಪಟ್ಟಿ ಮಾಡಿದರು. ಎಲ್ಲರೂ ಆಗ 11 ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರು. ವಯಸ್ಸು, ಲಿಂಗ, ಜನಾಂಗ, ಮನೆಯ ಆರ್ಥಿಕ ಸ್ಥಿತಿ ಇವುಗಳಲ್ಲಿ ಅವರನ್ನೇ ಹೋಲುವ, ಆದರೆ ಅಂಥ ದಾಖಲೆಯಿಲ್ಲದ 667 ಮಕ್ಕಳನ್ನು ಹೋಲಿಕೆಗೆ ಇಟ್ಟುಕೊಂಡರು. ಆಮೇಲೆ ಎರಡೂ ಗುಂಪಿನವರ ಪೊಲೀಸ್ ದಾಖಲೆಗಳನ್ನು ಹುಡುಕಿದರು. 1989ರಲ್ಲಿ ಫಲಿತಾಂಶ ಹೊರಬಂತು. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದವರಲ್ಲಿ ಶೇಕಡಾ 26ರಷ್ಟು ಮಂದಿ ಹದಿಹರೆಯದಲ್ಲಿ ಬಂಧನಕ್ಕೊಳಗಾಗಿದ್ದರು. ಹೋಲಿಕೆಯ ಗುಂಪಿನಲ್ಲಿ ಈ ಪ್ರಮಾಣ ಶೇಕಡಾ 17. ಹಿಂಸಾತ್ಮಕ ಅಪರಾಧಗಳಿಗೆ ಬಂಧಿತರಾದವರ ಪ್ರಮಾಣ ಕ್ರಮವಾಗಿ 11 ಮತ್ತು 8.

ಈ ಅಂಕಿಗಳನ್ನು ಎರಡು ಕಡೆಯಿಂದ ಓದಬೇಕು. ದೌರ್ಜನ್ಯ ಅಪಾಯವನ್ನು ಒಂದೂವರೆ ಪಟ್ಟು ಹೆಚ್ಚಿಸಿದೆ, ಇದು ನಿಜ. ಹಾಗೆಯೇ ದೌರ್ಜನ್ಯ ಅನುಭವಿಸಿದ ನೂರು ಮಕ್ಕಳಲ್ಲಿ 74 ಮಕ್ಕಳು ಹದಿಹರೆಯದಲ್ಲಿ ಪೊಲೀಸರ ಕೈಗೆ ಸಿಗಲೇ ಇಲ್ಲ, ಇದೂ ನಿಜ. ಮೊದಲನೆಯದನ್ನು ಮಾತ್ರ ಓದಿದವರು 'ಈ ಹುಡುಗ ಮುಂದೆ ಕಳ್ಳನಾಗುತ್ತಾನೆ' ಎಂದು ಹಣೆಪಟ್ಟಿ ಹಚ್ಚುತ್ತಾರೆ. ಎರಡನೆಯದನ್ನು ಮಾತ್ರ ಓದಿದವರು 'ನಾವೂ ಪೆಟ್ಟು ತಿಂದೇ ಬೆಳೆದವರು, ಏನಾಗಿದೆ ಈಗ?' ಎನ್ನುತ್ತಾರೆ. ಶಿಕ್ಷಕರ ಕೊಠಡಿಯಲ್ಲಿ ಈ ಎರಡನೆಯ ಮಾತೇ ಹೆಚ್ಚು ಕೇಳಿಬರುವುದು. ವಿಡಮ್ ಕಂಡ ಇನ್ನೊಂದು ಸಂಗತಿಯೂ ಇದೆ. ಹೊಡೆತ ತಿನ್ನದೆ ಬರಿಯ ನಿರ್ಲಕ್ಷ್ಯಕ್ಕೆ ಗುರಿಯಾದ, ಅಂದರೆ ಹೊತ್ತಿಗೆ ಊಟವಿಲ್ಲದ, ಕೇಳುವವರಿಲ್ಲದ ಮಕ್ಕಳಲ್ಲೂ ಮುಂದೆ ಹಿಂಸೆಯ ಪ್ರಮಾಣ ಹೋಲಿಕೆಯ ಗುಂಪಿಗಿಂತ ಹೆಚ್ಚಾಗಿತ್ತು.

ಒತ್ತಡದ ಕವಾಟ

ಪೆಟ್ಟು ದೇಹದೊಳಗೆ ಹೇಗೆ ಉಳಿಯುತ್ತದೆ? ಭಯವಾದಾಗ ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೂ, ಅದು ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿಗೂ ರಾಸಾಯನಿಕ ಸಂದೇಶ ಕಳಿಸುತ್ತವೆ. ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಸಕ್ಕರೆ ಸ್ನಾಯುಗಳಿಗೆ ಹರಿದು ದೇಹ ಓಡಲು ಅಥವಾ ಹೊಡೆದಾಡಲು ಸಿದ್ಧವಾಗುತ್ತದೆ. ಅಪಾಯ ಕಳೆದ ಮೇಲೆ ಇದು ನಿಲ್ಲಬೇಕಲ್ಲವೇ? ಮನೆಯ ಮೇಲಿನ ನೀರಿನ ಟ್ಯಾಂಕು ತುಂಬಿದಾಗ ತೇಲುವ ಚೆಂಡು ಮೇಲೆದ್ದು ನಲ್ಲಿಯನ್ನು ಮುಚ್ಚುವಂತೆ, ರಕ್ತದಲ್ಲಿ ಹೆಚ್ಚಾದ ಕಾರ್ಟಿಸಾಲನ್ನು ಹಿಪೊಕ್ಯಾಂಪಸ್ ಎಂಬ ಭಾಗದ ಗ್ರಾಹಕಗಳು ಗುರುತಿಸಿ 'ಸಾಕು' ಎನ್ನುತ್ತವೆ. ಗ್ರಾಹಕಗಳು ಕಡಿಮೆಯಿದ್ದರೆ ಚೆಂಡು ಸರಿಯಾಗಿ ಮೇಲೇಳುವುದಿಲ್ಲ. ನಲ್ಲಿ ಸೋರುತ್ತಲೇ ಇರುತ್ತದೆ.

ಕೆನಡಾದ ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಮತ್ತು ಸಂಗಡಿಗರು ಇದನ್ನು ಇಲಿಗಳಲ್ಲಿ ತೋರಿಸಿದರು. ಕೆಲವು ತಾಯಿ ಇಲಿಗಳು ಮರಿಗಳನ್ನು ಹೆಚ್ಚು ನೆಕ್ಕಿ ಸವರುತ್ತವೆ, ಕೆಲವು ಕಡಿಮೆ. ಕಡಿಮೆ ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಸಣ್ಣ ಗಾಬರಿಗೂ ಒತ್ತಡದ ಹಾರ್ಮೋನನ್ನು ಹೆಚ್ಚು ಸುರಿಸಿದವು. ಇದು ವಂಶವಾಹಿಯಿಂದ ಬಂದದ್ದಿರಬಹುದೇ? ಪರೀಕ್ಷಿಸಲು ಮರಿಗಳನ್ನು ಅದಲುಬದಲು ಮಾಡಿದರು. ಹೆಚ್ಚು ನೆಕ್ಕುವ ಸಾಕುತಾಯಿಯ ಬಳಿ ಬೆಳೆದ ಮರಿಗಳು, ಹೆತ್ತ ತಾಯಿ ಹೇಗೇ ಇದ್ದರೂ, ಶಾಂತ ಇಲಿಗಳಾದವು. 2004ರಲ್ಲಿ ಇದರ ರಾಸಾಯನಿಕ ಗುರುತೂ ಸಿಕ್ಕಿತು. ಕಡಿಮೆ ಆರೈಕೆ ಪಡೆದ ಮರಿಗಳಲ್ಲಿ ಗ್ರಾಹಕವನ್ನು ತಯಾರಿಸುವ ಜೀನಿನ ಆರಂಭದ ಭಾಗಕ್ಕೆ ಮೀಥೈಲ್ ಗುಂಪುಗಳು ಅಂಟಿಕೊಂಡು ಜೀನು ಮಂಕಾಗಿತ್ತು. ಡಿಎನ್‌ಎಯ ಅಕ್ಷರಗಳು ಬದಲಾಗಿರಲಿಲ್ಲ. ಪ್ರಾಯಕ್ಕೆ ಬಂದ ಇಲಿಗೆ ಒಂದು ಔಷಧ ಕೊಟ್ಟಾಗ ಈ ಗುರುತು ಅಳಿಸಿತು ಕೂಡ. ಮುಂದೆ 2009ರಲ್ಲಿ ಅದೇ ತಂಡ ಆತ್ಮಹತ್ಯೆ ಮಾಡಿಕೊಂಡವರ ಮಿದುಳುಗಳನ್ನು ಪರೀಕ್ಷಿಸಿತು. ಬಾಲ್ಯದಲ್ಲಿ ದೌರ್ಜನ್ಯಕ್ಕೆ ಗುರಿಯಾಗಿದ್ದವರಲ್ಲಿ ಮಾತ್ರ ಅದೇ ಜೀನಿನ ಮೇಲೆ ಇದೇ ಬಗೆಯ ಗುರುತು ಕಂಡಿತು. ಪರೀಕ್ಷಿಸಿದ್ದು ಒಟ್ಟು 36 ಮಿದುಳುಗಳನ್ನು ಮಾತ್ರ. ಆದ್ದರಿಂದ ಎಚ್ಚರಿಕೆಯಿಂದ ಒಪ್ಪಬೇಕಾದ ಫಲಿತಾಂಶವಿದು.

ಜೀನುಗಳ ಪಾತ್ರ ಏನೂ ಇಲ್ಲವೇ ಎಂದು ಕೇಳುವವರಿಗೆ ನ್ಯೂಜಿಲೆಂಡಿನ ಡನೀಡಿನ್ ಅಧ್ಯಯನವನ್ನು ತೋರಿಸಬೇಕು. 1972-73ರಲ್ಲಿ ಆ ಊರಿನಲ್ಲಿ ಹುಟ್ಟಿದ 1,037 ಮಕ್ಕಳನ್ನು ಅಲ್ಲಿಯ ಸಂಶೋಧಕರು ದಶಕಗಳ ಕಾಲ ಅನುಸರಿಸಿದ್ದಾರೆ. ಮೊನೊಅಮೀನ್ ಆಕ್ಸಿಡೇಸ್-ಎ ಎಂಬ ಕಿಣ್ವವು ಮಿದುಳಿನಲ್ಲಿ ಸೆರೊಟೋನಿನ್‌ನಂಥ ರಾಸಾಯನಿಕಗಳನ್ನು ಒಡೆಯುತ್ತದೆ. ಅದರ ಜೀನು ಎಕ್ಸ್ ಕ್ರೋಮೊಸೋಮಿನ ಮೇಲಿದೆ, ಆದ್ದರಿಂದ ಗಂಡುಮಕ್ಕಳಿಗೆ ಒಂದೇ ಪ್ರತಿ. ಕೆಲವರಲ್ಲಿ ಈ ಜೀನು ನಿಧಾನಗತಿಯದು. ಕ್ಯಾಸ್ಪಿ ಮತ್ತು ಮಾಫಿಟ್ 2002ರಲ್ಲಿ ಪ್ರಕಟಿಸಿದಂತೆ, ನಿಧಾನಗತಿಯ ಜೀನೂ ಬಾಲ್ಯದ ದೌರ್ಜನ್ಯವೂ ಎರಡೂ ಇದ್ದವರು ಗಂಡುಮಕ್ಕಳ ಗುಂಪಿನಲ್ಲಿ ಶೇಕಡಾ 12 ಮಾತ್ರ. ಆದರೆ ಆ ಗುಂಪಿನ ಹಿಂಸಾಪರಾಧದ ಶಿಕ್ಷೆಗಳಲ್ಲಿ ಶೇಕಡಾ 44 ಇವರ ಪಾಲು. ಅದೇ ನಿಧಾನಗತಿಯ ಜೀನಿದ್ದು ಪ್ರೀತಿಯಿಂದ ಬೆಳೆದ ಹುಡುಗರು ಎಲ್ಲರಂತೆಯೇ ಇದ್ದರು! ಪತ್ರಿಕೆಗಳು ಇದನ್ನು 'ಹಿಂಸೆಯ ಜೀನು' ಎಂದು ಸಾರಿದ್ದು ಫಲಿತಾಂಶವನ್ನು ತಲೆಕೆಳಗು ಮಾಡಿದಂತಾಯಿತು. ಮುಂದಿನ ಅಧ್ಯಯನಗಳೆಲ್ಲವೂ ಇದನ್ನು ಸಮರ್ಥಿಸಿಲ್ಲ. ಎಲ್ಲವನ್ನೂ ಒಟ್ಟುಗೂಡಿಸಿ ನೋಡಿದಾಗ ಸಂಬಂಧ ಉಳಿಯುತ್ತದೆ, ಆದರೆ ಮೊದಲು ಕಂಡಷ್ಟು ಬಲವಾಗಿಲ್ಲ.

ಹದಿನಾರರ ಎರಡು ಬುದ್ಧಿಗಳು

ಇಲ್ಲಿಯವರೆಗೆ ಹೇಳಿದ್ದು ಪೆಟ್ಟು ತಿಂದ ಮಕ್ಕಳ ಮಾತು. ಇನ್ನು ಎಲ್ಲ ಹದಿಹರೆಯದವರಿಗೂ ಸೇರಿದ ಮಾತಿಗೆ ಬರೋಣ. ಎಂಆರ್‌ಐ ಯಂತ್ರದಿಂದ ಒಂದೇ ಮಗುವಿನ ಮಿದುಳನ್ನು ವರ್ಷವರ್ಷವೂ ಚಿತ್ರಿಸಲು ಸಾಧ್ಯವಾದಾಗ ತಿಳಿದುಬಂದ ಸಂಗತಿ ಇದು: ಹಣೆಯ ಹಿಂದಿನ ಮುಂಮಿದುಳು, ಅಂದರೆ ಆತುರವನ್ನು ತಡೆಯುವ, ಮುಂದಿನ ಪರಿಣಾಮವನ್ನು ತೂಗುವ ಭಾಗ, ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಸುಖ, ಭಯ, ಕೋಪಗಳನ್ನು ಹೊತ್ತಿಸುವ ಒಳಭಾಗಗಳಾದರೋ ಹರೆಯ ಬಂದ ಕೂಡಲೇ ಚುರುಕಾಗುತ್ತವೆ. ವೇಗವರ್ಧಕ ಮೊದಲು, ಬ್ರೇಕು ಆಮೇಲೆ.

ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಇದನ್ನು ಕಂಪ್ಯೂಟರಿನ ಕಾರು ಆಟವೊಂದರಿಂದ ಪರೀಕ್ಷಿಸಿದರು. ಹಳದಿ ದೀಪ ಬಂದ ಮೇಲೆ ಎಷ್ಟು ದೂರ ನುಗ್ಗುತ್ತೀರಿ ಎಂಬುದೇ ಆಟ. ಹದಿಹರೆಯದವರು ಒಬ್ಬರೇ ಆಡುವಾಗ ದೊಡ್ಡವರಿಗಿಂತ ಬಹಳ ಭಿನ್ನವಾಗಿ ನಡೆದುಕೊಳ್ಳಲಿಲ್ಲ. ಪಕ್ಕದಲ್ಲಿ ಗೆಳೆಯರನ್ನು ಕೂರಿಸಿದ ಕೂಡಲೇ ಅವರ ದುಸ್ಸಾಹಸ ಹೆಚ್ಚುಕಡಿಮೆ ಎರಡರಷ್ಟಾಯಿತು. ದೊಡ್ಡವರಲ್ಲಿ ಗೆಳೆಯರಿದ್ದರೂ ಇಲ್ಲದಿದ್ದರೂ ವ್ಯತ್ಯಾಸವಾಗಲಿಲ್ಲ. ಹದಿಹರೆಯದ ಅಪರಾಧಗಳಲ್ಲಿ ಬಹಳಷ್ಟು ಗುಂಪಿನಲ್ಲಿ ನಡೆಯುವುದೇಕೆ ಎಂಬುದಕ್ಕೆ ಇಲ್ಲಿ ಸುಳಿವಿದೆ.

ಅದೇ 2005ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 18 ತುಂಬುವ ಮೊದಲು ಮಾಡಿದ ಅಪರಾಧಕ್ಕೆ ಮರಣದಂಡನೆ ಕೊಡಕೂಡದು ಎಂದು 5-4ರ ಬಹುಮತದಿಂದ ತೀರ್ಪಿತ್ತಿತು. ಅಮೆರಿಕದ ಮನೋವಿಜ್ಞಾನ ಸಂಘ ಈ ವಾದವನ್ನು ಬೆಂಬಲಿಸಿತ್ತು. ಭಿನ್ನಮತದ ನ್ಯಾಯಮೂರ್ತಿ ಸ್ಕಾಲಿಯಾ ಒಂದು ಚುರುಕಾದ ಆಕ್ಷೇಪ ಎತ್ತಿದರು. ಹದಿಹರೆಯದ ಹುಡುಗಿಯರು ಗರ್ಭಪಾತದ ನಿರ್ಧಾರವನ್ನು ತಾವೇ ತೆಗೆದುಕೊಳ್ಳುವಷ್ಟು ಪ್ರಬುದ್ಧರು ಎಂದು ಇದೇ ಸಂಘ ಹಿಂದಿನ ಮೊಕದ್ದಮೆಯೊಂದರಲ್ಲಿ ವಾದಿಸಿತ್ತಲ್ಲ, ಈಗ ಅಪ್ರಬುದ್ಧರು ಎನ್ನುವುದು ಹೇಗೆ? ನ್ಯಾಯವಾದ ಪ್ರಶ್ನೆ. ಸ್ಟೈನ್‌ಬರ್ಗ್ ಮತ್ತು ಸಂಗಡಿಗರು 10ರಿಂದ 30 ವರ್ಷದ 935 ಮಂದಿಯನ್ನು ಪರೀಕ್ಷಿಸಿ 2009ರಲ್ಲಿ ಉತ್ತರ ಕೊಟ್ಟರು. ಶಾಂತವಾಗಿ ಕುಳಿತು ಯೋಚಿಸುವ, ನೆನಪಿಟ್ಟುಕೊಳ್ಳುವ, ತರ್ಕಿಸುವ ಶಕ್ತಿ 16ರ ಹೊತ್ತಿಗೇ ದೊಡ್ಡವರ ಮಟ್ಟ ಮುಟ್ಟುತ್ತದೆ. ಆತುರವನ್ನು ತಡೆಯುವ, ಗೆಳೆಯರ ಒತ್ತಾಯಕ್ಕೆ ಬಗ್ಗದಿರುವ ಪ್ರಬುದ್ಧತೆ 18ರ ನಂತರವೂ ಬೆಳೆಯುತ್ತಲೇ ಇರುತ್ತದೆ. ವೈದ್ಯರ ಕೊಠಡಿಯಲ್ಲಿ ಕುಳಿತು ಯೋಚಿಸುವ 16ರ ಬುದ್ಧಿ ಬೇರೆ, ರಾತ್ರಿ ಹತ್ತು ಗಂಟೆಗೆ ನಾಲ್ವರು ಗೆಳೆಯರ ನಡುವೆ ಜಗಳಕ್ಕೆ ನಿಂತ 16ರ ಬುದ್ಧಿ ಬೇರೆ. 2019ರಲ್ಲಿ ಪ್ರಕಟವಾದ 11 ದೇಶಗಳ 5,227 ಮಂದಿಯ ಅಧ್ಯಯನದಲ್ಲೂ ಇದೇ ಅಂತರ ಕಂಡಿತು. ಆ ದೇಶಗಳಲ್ಲಿ ಭಾರತವೂ ಒಂದು.

ನಮ್ಮ ಕಾಯಿದೆಯ ಹಾದಿ

ಮಕ್ಕಳಿಗೆ ಪ್ರತ್ಯೇಕ ನ್ಯಾಯಾಲಯ ಮೊದಲು ಸ್ಥಾಪನೆಯಾದದ್ದು 1899ರಲ್ಲಿ, ಅಮೆರಿಕದ ಷಿಕಾಗೊ ನಗರದಲ್ಲಿ. ನಮ್ಮಲ್ಲಿ 1920ರ ಮದ್ರಾಸ್ ಮಕ್ಕಳ ಕಾಯಿದೆ ಮೊದಲನೆಯದು. ಸ್ವಾತಂತ್ರ್ಯಾನಂತರವೂ ಬಹುಕಾಲ ಮಕ್ಕಳು ದೊಡ್ಡವರ ಜೈಲುಗಳಲ್ಲೇ ಕೊಳೆಯುತ್ತಿದ್ದರು. ಪತ್ರಕರ್ತೆ ಶೀಲಾ ಬರ್ಸೆ ಇದರ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1986ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಬಾಲ ನ್ಯಾಯ ಕಾಯಿದೆ ಬಂತು. ಅದರಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ವಯೋಮಿತಿ. ಭಾರತ 1992ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿದ ಮೇಲೆ 2000ದ ಕಾಯಿದೆ ಇಬ್ಬರಿಗೂ 18 ಎಂದಿತು. ಮಗು ಎಷ್ಟೇ ದೊಡ್ಡ ಅಪರಾಧ ಮಾಡಿದ್ದರೂ ವಿಶೇಷ ಗೃಹದಲ್ಲಿ ಹೆಚ್ಚೆಂದರೆ 3 ವರ್ಷ.

2012ರ ಡಿಸೆಂಬರಿನ ದೆಹಲಿಯ ಬಸ್ಸಿನ ಅತ್ಯಾಚಾರ ಮತ್ತು ಕೊಲೆ ಈ ಲೆಕ್ಕವನ್ನು ಅಲುಗಾಡಿಸಿತು. ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಲು ಕೆಲವು ತಿಂಗಳು ಬಾಕಿಯಿತ್ತು. ನ್ಯಾಯಮೂರ್ತಿ ವರ್ಮಾ ಸಮಿತಿ ವಯೋಮಿತಿ ಇಳಿಸುವುದು ಬೇಡವೆಂದು 2013ರ ಜನವರಿಯಲ್ಲೇ ಹೇಳಿತ್ತು. ಸಂಸತ್ತಿನ ಸ್ಥಾಯಿ ಸಮಿತಿಯೂ 2015ರಲ್ಲಿ ಹಾಗೆಯೇ ಹೇಳಿತು. ಆ ಹುಡುಗನ 3 ವರ್ಷ ಮುಗಿದು 2015ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಬೆನ್ನಲ್ಲೇ ರಾಜ್ಯಸಭೆ ಹೊಸ ಮಸೂದೆಯನ್ನು ಅಂಗೀಕರಿಸಿತು. ಮಗಳನ್ನು ಕಳೆದುಕೊಂಡ ತಂದೆತಾಯಿಗಳ ನೋವನ್ನು ಮಿದುಳಿನ ಚಿತ್ರ ತೋರಿಸಿ ಸಮಾಧಾನಪಡಿಸಲು ಸಾಧ್ಯವಿಲ್ಲ, ಪ್ರಯತ್ನಿಸಲೂಬಾರದು. ಆದರೆ ಕಾನೂನು ಒಂದು ಪ್ರಕರಣಕ್ಕೆ ಮಾತ್ರ ಅನ್ವಯಿಸುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಪ್ರಕಾರ 2022ರಲ್ಲಿ ಮಕ್ಕಳ ಮೇಲೆ ದಾಖಲಾದ ಪ್ರಕರಣಗಳು ಸುಮಾರು 30 ಸಾವಿರ, ದೇಶದ ಒಟ್ಟು ಪ್ರಕರಣಗಳಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ.

2016ರ ಜನವರಿಯಿಂದ ಜಾರಿಯಲ್ಲಿರುವ ಈಗಿನ ಕಾಯಿದೆಯ 15ನೆಯ ಪ್ರಕರಣ ನಮಗೆ ಮುಖ್ಯ. 16 ತುಂಬಿ 18 ತುಂಬದ ಮಗುವಿನ ಮೇಲೆ ಘೋರ ಅಪರಾಧದ, ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚಿರುವ ಅಪರಾಧದ ಆರೋಪ ಬಂದರೆ, ಬಾಲ ನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ನಡೆಸಬೇಕು. ಆ ಅಪರಾಧ ಮಾಡುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮವನ್ನು ಅರಿಯುವ ಶಕ್ತಿ, ಅಪರಾಧ ನಡೆದ ಸಂದರ್ಭ ಇವುಗಳನ್ನು ನೋಡಬೇಕು. ಮೂರು ತಿಂಗಳೊಳಗೆ ಮುಗಿಸಬೇಕು. ದೊಡ್ಡವನಂತೆ ವಿಚಾರಣೆ ಮಾಡಬೇಕೆಂದು ಕಂಡರೆ ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾದರೆ 21 ತುಂಬುವವರೆಗೆ 'ಸುರಕ್ಷಿತ ಸ್ಥಳ', ಆಮೇಲೆ ಜೈಲೂ ಆಗಬಹುದು. ಮರಣದಂಡನೆ ಮತ್ತು ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿ ಮಾತ್ರ ಇಲ್ಲ. ಘೋರ ಅಪರಾಧವೆಂದರೆ ಕೊಲೆಯೇ ಆಗಬೇಕೆಂದೇನೂ ಇಲ್ಲ. 17ರ ಹುಡುಗ ಅದೇ ವಯಸ್ಸಿನ ಹುಡುಗಿಯೊಡನೆ ಪ್ರೀತಿಸಿ ಓಡಿಹೋದರೂ 2012ರ ಪೋಕ್ಸೋ ಕಾಯಿದೆಯ ಕೆಳಗೆ ಈ ಬಾಗಿಲಿಗೆ ಬರಬಹುದು.

ಅಳೆಯಲಾಗದ್ದನ್ನು ಅಳೆಯುವುದು

ಈಗ ಹಿಂದಿನ ಪ್ರಯೋಗಗಳನ್ನು ನೆನಪಿಸಿಕೊಳ್ಳಿ. ಮೌಲ್ಯಮಾಪನ ನಡೆಯುವುದು ಘಟನೆಯಾದ ವಾರಗಳ ನಂತರ, ಶಾಂತ ಕೊಠಡಿಯಲ್ಲಿ, ಒಬ್ಬರೇ ಮನೋವಿಜ್ಞಾನಿಯ ಮುಂದೆ. 'ಚಾಕುವಿನಿಂದ ಇರಿದರೆ ಏನಾಗುತ್ತದೆ?' ಎಂದು ಕೇಳಿದರೆ ಹತ್ತು ವರ್ಷದ ಮಗುವೂ ಸರಿಯುತ್ತರ ಕೊಡುತ್ತದೆ. 16ರ ಹುಡುಗ ಖಂಡಿತ ಕೊಡುತ್ತಾನೆ. ಅಳೆದದ್ದು ತಣ್ಣನೆಯ ಬುದ್ಧಿಯನ್ನು, ಬೇಕಾಗಿದ್ದದ್ದು ಬಿಸಿಯ ಕ್ಷಣದ ಬುದ್ಧಿಯ ಅಳತೆ. ಆ ಕ್ಷಣವನ್ನು ಹಿಂದಕ್ಕೆ ತಂದು ಅಳೆಯುವ ಉಪಕರಣ ಯಾವ ಪ್ರಯೋಗಶಾಲೆಯಲ್ಲೂ ಇಲ್ಲ. ಎಂಆರ್‌ಐ ಕೂಡ ಗುಂಪುಗಳ ಸರಾಸರಿಯನ್ನು ಹೇಳುತ್ತದೆಯೇ ಹೊರತು ಈ ಹುಡುಗ ಆ ರಾತ್ರಿ ಎಷ್ಟು ಪ್ರಬುದ್ಧನಾಗಿದ್ದ ಎಂಬುದನ್ನು ಹೇಳಲಾರದು. ಮಿದುಳಿನ ವಿಜ್ಞಾನ ಮಕ್ಕಳ ಪರವಾಗಿದೆ ಎಂದು ಉತ್ಸಾಹಪಡುವವರೂ ಈ ಮಿತಿಯನ್ನು ಒಪ್ಪಲೇಬೇಕು.

ಸರ್ವೋಚ್ಚ ನ್ಯಾಯಾಲಯಕ್ಕೂ ಈ ತೊಡಕು ಕಂಡಿದೆ. 2017ರಲ್ಲಿ ಹರಿಯಾಣದ ಗುರುಗ್ರಾಮದ ಶಾಲೆಯೊಂದರಲ್ಲಿ ನಡೆದ ಬಾಲಕನ ಕೊಲೆಯ ಪ್ರಕರಣದಲ್ಲಿ 2022ರ ಜುಲೈಯಲ್ಲಿ ತೀರ್ಪಿತ್ತ ನ್ಯಾಯಾಲಯ, ಮಾನಸಿಕ ಸಾಮರ್ಥ್ಯ ಮತ್ತು ಪರಿಣಾಮವನ್ನು ಅರಿಯುವ ಶಕ್ತಿ ಎರಡೂ ಒಂದೇ ಎಂದು ಕೆಳಗಿನ ಹಂತಗಳಲ್ಲಿ ಭಾವಿಸಿದ್ದು ತಪ್ಪು ಎಂದಿತು. ಮಂಡಳಿಯ ಸದಸ್ಯರಲ್ಲಿ ಮಕ್ಕಳ ಮನೋವಿಜ್ಞಾನ ಅಥವಾ ಮನೋವೈದ್ಯಶಾಸ್ತ್ರ ಓದಿದವರಿಲ್ಲದಿದ್ದರೆ ತಜ್ಞರ ನೆರವು ಪಡೆಯುವುದು ಕಡ್ಡಾಯ ಎಂದೂ ಹೇಳಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮಾರ್ಗಸೂಚಿ ಹೊರಡಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ಮನೋವೈದ್ಯ ವಿಭಾಗದವರೂ ಇಂಥ ಮೌಲ್ಯಮಾಪನಕ್ಕೆ ನಮೂನೆಗಳನ್ನು ಸಿದ್ಧಪಡಿಸಿದ್ದಾರೆ. ಇವುಗಳಿಂದ ಪರೀಕ್ಷೆ ಹೆಚ್ಚು ಎಚ್ಚರಿಕೆಯದಾಗುತ್ತದೆ. ಪ್ರಶ್ನೆಯೇ ತಪ್ಪಾಗಿರುವ ಪರೀಕ್ಷೆಗೆ ಎಚ್ಚರಿಕೆ ಎಷ್ಟು ಸಹಾಯ ಮಾಡೀತು ಎಂಬ ಸಂಶಯ ಈ ಲೇಖಕನಿಗಂತೂ ಉಳಿದಿದೆ.

ದೊಡ್ಡವರ ವ್ಯವಸ್ಥೆಗೆ ಕಳಿಸುವುದರಿಂದ ಸಮಾಜ ಹೆಚ್ಚು ಸುರಕ್ಷಿತವಾಗುತ್ತದೆಯೇ? ಅಮೆರಿಕದಲ್ಲಿ ಈ ಪದ್ಧತಿ ಬಹುಕಾಲದಿಂದ ಇರುವುದರಿಂದ ಅಲ್ಲಿ ಅಂಕಿ ಅಂಶಗಳಿವೆ. ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಬೆಂಬಲದಿಂದ ಕೆಲಸ ಮಾಡುವ ಸ್ವತಂತ್ರ ತಜ್ಞರ ಕಾರ್ಯಪಡೆ 2007ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿತು. ದೊಡ್ಡವರ ನ್ಯಾಯಾಲಯಕ್ಕೆ ಹೋದ ಹದಿಹರೆಯದವರು, ಅಂಥದೇ ಅಪರಾಧ ಮಾಡಿ ಬಾಲ ನ್ಯಾಯಾಲಯದಲ್ಲೇ ಉಳಿದವರಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚಾಗಿ ಮತ್ತೆ ಬಂಧಿತರಾಗಿದ್ದರು. ಕಾರಣ ಊಹಿಸುವುದು ಕಷ್ಟವೇನಲ್ಲ. ಕೋಪದ ಮುಖವನ್ನು ಮಸುಕಿನಲ್ಲೇ ಗುರುತಿಸುವ ಹುಡುಗನನ್ನು ಕೋಪದ ಮುಖಗಳೇ ತುಂಬಿರುವ ಕಡೆಗೆ ಕಳಿಸಿದರೆ ಅವನ ಹಳೆಯ ಪಾಠ ಇನ್ನಷ್ಟು ಗಟ್ಟಿಯಾಗುತ್ತದೆ.

ದಾಖಲಾತಿ ಪುಸ್ತಕದ ಒಂದು ಸಾಲು

16 ತುಂಬಿದೆಯೇ, 18 ತುಂಬಿದೆಯೇ ಎಂಬುದನ್ನು ನಿರ್ಧರಿಸುವವರು ಯಾರು? ಇಲ್ಲಿ ಶಿಕ್ಷಕರು ನೇರವಾಗಿ ಬರುತ್ತಾರೆ. ಕಾಯಿದೆಯ 94ನೆಯ ಪ್ರಕರಣದಂತೆ ಮೊದಲ ಪುರಾವೆ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಪರೀಕ್ಷಾ ಮಂಡಳಿಯ ಮೆಟ್ರಿಕ್ ಪ್ರಮಾಣಪತ್ರ. ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆಗಳ ಪರೀಕ್ಷೆ. ಮಣಿಕಟ್ಟು, ಮೊಣಕೈ, ಕೊರಳೆಲುಬುಗಳ ಕ್ಷಕಿರಣ ಚಿತ್ರ ತೆಗೆದು ಮೂಳೆಯ ತುದಿಗಳು ಎಷ್ಟು ಬೆಸೆದಿವೆ ಎಂದು ನೋಡುತ್ತಾರೆ. ಇದರಲ್ಲಿ ಎರಡು ವರ್ಷ ಆಚೀಚೆ ಆಗಬಹುದೆಂದು ನ್ಯಾಯಾಲಯಗಳೇ ಒಪ್ಪಿವೆ. ಹೋಲಿಕೆಗೆ ಬಹಳ ಕಡೆ ಬಳಸುವ ಮಣಿಕಟ್ಟಿನ ಚಿತ್ರಸಂಪುಟ ಅಮೆರಿಕದ ಕ್ಲೀವ್‌ಲೆಂಡಿನ ಅನುಕೂಲಸ್ಥ ಬಿಳಿಯ ಮಕ್ಕಳನ್ನು 1930ರ ದಶಕದಲ್ಲಿ ಚಿತ್ರಿಸಿದ್ದರಿಂದ ತಯಾರಾದದ್ದು. ಅಪೌಷ್ಟಿಕತೆಯಿಂದ ಮೂಳೆ ನಿಧಾನವಾಗಿ ಬಲಿಯುವ ನಮ್ಮ ಮಕ್ಕಳಿಗೆ ಅದು ಎಷ್ಟು ಹೊಂದುತ್ತದೆ ಎಂಬುದು ಚರ್ಚೆಯ ವಿಷಯ.

2023ರ ಮಾರ್ಚ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ 28 ವರ್ಷಗಳಿಂದ ಜೈಲಿನಲ್ಲಿದ್ದ, ಮರಣದಂಡನೆಗೆ ಗುರಿಯಾಗಿದ್ದ ಒಬ್ಬನನ್ನು ಬಿಡುಗಡೆ ಮಾಡಿತು. 1994ರಲ್ಲಿ ಪುಣೆಯಲ್ಲಿ ಅಪರಾಧ ನಡೆದಾಗ ಅವನಿಗೆ 12 ವರ್ಷ 6 ತಿಂಗಳು ಎಂದು ಸಾಬೀತಾದದ್ದು ರಾಜಸ್ಥಾನದ ಶಾಲೆಯೊಂದರ ದಾಖಲಾತಿ ಪುಸ್ತಕದಿಂದ. ಬಾಲಕನೆಂಬ ವಾದವನ್ನು ಯಾವ ಹಂತದಲ್ಲಿ ಬೇಕಾದರೂ ಎತ್ತಬಹುದೆಂದು ಕಾನೂನು ಹೇಳುತ್ತದೆ. ಒಂದನೇ ತರಗತಿಗೆ ಸೇರಿಸುವಾಗ ಅಂದಾಜಿನಿಂದ ಜೂನ್ ಒಂದು ಎಂದು ಬರೆದುಕೊಳ್ಳುವ ಅಭ್ಯಾಸ ನಮ್ಮ ಅನೇಕ ಶಾಲೆಗಳಲ್ಲಿತ್ತು. ಆ ಅಂದಾಜು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಬರೆದವರು ಯೋಚಿಸಿರಲಾರರು.

ಶಾಲೆಯ ಹೆಸರು ಬರುವ ಇನ್ನೊಂದು ಕಾಗದವೂ ಇದೆ. ಮಗುವನ್ನು ಮಂಡಳಿಯ ಮುಂದೆ ಹಾಜರುಪಡಿಸಿದ 15 ದಿನಗಳೊಳಗೆ ಪರಿವೀಕ್ಷಣಾಧಿಕಾರಿ ಸಾಮಾಜಿಕ ತನಿಖಾ ವರದಿ ಸಲ್ಲಿಸಬೇಕು. 2016ರ ನಿಯಮಗಳಲ್ಲಿ ಇದಕ್ಕೆ ನಿಗದಿತ ನಮೂನೆಯಿದೆ. ಮನೆಯಲ್ಲಿ, ಕೆಲಸದ ಜಾಗದಲ್ಲಿ ಮಗು ಬೈಗುಳ, ಹೊಡೆತ, ಲೈಂಗಿಕ ದೌರ್ಜನ್ಯ ಅನುಭವಿಸಿದೆಯೇ, ಊಟ ಕೊಡದೆ ಕೂಡಿಹಾಕಿದ್ದರೇ ಎಂದು ಅದು ಕೇಳುತ್ತದೆ. ಅಂದರೆ ಪೆಟ್ಟು ತಿಂದ ಮಗುವನ್ನು ಹುಡುಕುವ ಅವಕಾಶ ನಮ್ಮ ಕಾನೂನಿನಲ್ಲೇ ಇದೆ. ವಾರಕ್ಕೆ ಹಲವು ವರದಿ ಬರೆಯಬೇಕಾದ ಅಧಿಕಾರಿ ಒಂದೇ ಭೇಟಿಯಲ್ಲಿ ಈ ಅಂಕಣಗಳನ್ನು ತುಂಬಿದರೆ ನಿಜ ಹೊರಬರುವುದು ಕಷ್ಟ. ಮಗುವನ್ನು ವರ್ಷಗಟ್ಟಲೆ ಕಂಡ ಶಿಕ್ಷಕರನ್ನು ಕೇಳಿದರೆ ಬರಬಹುದು.

ಅದೇ ನಮೂನೆಯಲ್ಲಿ ಮಗು ಶಾಲೆ ಬಿಟ್ಟದ್ದೇಕೆ ಎಂಬ ಪ್ರಶ್ನೆಯೂ ಇದೆ. ಗುರುತು ಹಾಕಲು ಕಾರಣಗಳ ಪಟ್ಟಿ ಕೊಟ್ಟಿದ್ದಾರೆ. ಅನುತ್ತೀರ್ಣನಾದದ್ದು, ಮನೆಗಾಗಿ ದುಡಿಯಬೇಕಾದದ್ದು, ತಂದೆತಾಯಿ ತೀರಿಕೊಂಡದ್ದು ಇವುಗಳ ಜೊತೆಯಲ್ಲೇ ಶಿಕ್ಷಕರ ಉದಾಸೀನ, ಶಾಲೆಯಲ್ಲಿ ಅವಮಾನ, ದೈಹಿಕ ಶಿಕ್ಷೆ ಎಂಬ ಕಾರಣಗಳೂ ಇವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದ ಏಳು ವರ್ಷಗಳ ನಂತರ ಸಿದ್ಧವಾದ ನಮೂನೆ ಇದು.